ಸೂರ್ಯೋದಯ ಬಡಾವಣೆಯ ಮಧ್ಯಾಹ್ನದ ದೆವ್ವ

ದೆವ್ವ ಎಂದಮೇಲೆ ಅದಕ್ಕೂ ಒಂದು ಮರ್ಯಾದೆ ಇರಬೇಕು. ಅಮಾವಾಸ್ಯೆ ಬೇಕು, ಹಳೇ ಹುಣಸೆಮರ ಬೇಕು, ಊರಾಚೆ ಒಂದು ಹಾಳುಬಾವಿ ಬೇಕು. ಕಡೂರಿನ ಸೂರ್ಯೋದಯ ಬಡಾವಣೆಯಲ್ಲಿ ಇವೊಂದೂ ಇರಲಿಲ್ಲ. ಮರ ಎಂಬುದೇ ಇರಲಿಲ್ಲ. ಪಾರ್ಕು ಎಂದು ಬೋರ್ಡು ನೆಟ್ಟ ಜಾಗದಲ್ಲಿ ಕಲ್ಲುಬೆಂಚುಗಳಿದ್ದವು. ಮಧ್ಯಾಹ್ನ ಅವುಗಳ ಮೇಲೆ ಕೂತವನು ಆ ರಾತ್ರಿ ಬೋರಲಾಗಿ ಮಲಗಬೇಕಾಗುತ್ತಿತ್ತು. ಅಂಥ ಕಡೆ, ನೆತ್ತಿಯ ಮೇಲೆ ಸೂರ್ಯ ಕೂತು ಸುಡುವಾಗ, ಹೆಂಗಸರು ಹಪ್ಪಳ ಒಣಹಾಕುವ ಹೊತ್ತಿನಲ್ಲಿ ದೆವ್ವ ಬಂತು. ಬಂದದ್ದು ಬಡಾವಣೆ ಸಂಘದ ಕಾರ್ಯದರ್ಶಿ ಮೃತ್ಯುಂಜಯನ ಮನೆಗೇ. ಕರೆಸಿಕೊಂಡವನೂ ಅವನೇ.

ಮೃತ್ಯುಂಜಯನಿಗೆ ಬಸ್ ಸ್ಟ್ಯಾಂಡಿನ ಹಿಂದೆ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು, ಮೋಟರಿಗಿಂತ ಬೇಗ ತಾನು ಸುಡುವುದು ಅವನ ಸ್ವಭಾವ. ಹುಟ್ಟಿ ಬೆಳೆದದ್ದು ಪಂಚನಹಳ್ಳಿ ಕಡೆಯ ಹಳ್ಳಿಯಲ್ಲಿ. ಬಡಾವಣೆಯಲ್ಲಿ ಮನೆ ಕಟ್ಟಿದ ದಿನದಿಂದ ಅದನ್ನು ಎಲ್ಲರಿಂದ ಮರೆಮಾಚುವ ಕೆಲಸಕ್ಕೆ ಬಿದ್ದ. ಅಂಗಳಕ್ಕೆ ಸಗಣಿ ಸಾರಿಸಬಾರದು, ಹಿತ್ತಿಲಲ್ಲಿ ಒಲೆ ಹೂಡಬಾರದು, ಊರಿಂದ ಯಾರಾದರೂ ಬಂದರೆ ಬೀದಿಯಲ್ಲಿ ನಿಂತು ಕೂಗಬಾರದು, ಬೆಲ್ ಒತ್ತಬೇಕು. ಹೆಂಡತಿ ತೀರ್ಥಮ್ಮ ಇದನ್ನೆಲ್ಲ ಒಂದು ಕಿವಿಯಲ್ಲೂ ಹಾಕಿಕೊಳ್ಳದೆ ಅವನ ಬೆನ್ನ ಹಿಂದೆ ಎಲ್ಲವನ್ನೂ ಮಾಡುತ್ತಿದ್ದಳು.

ಹೋದ ವರ್ಷ ಸಂಘದ ಸಭೆಯಲ್ಲಿ ಅವನೊಂದು ಕಾನೂನು ತಂದ. ಪಕ್ಕದ ಮನೆಯ ಮುನಾವರ್ ತೆಂಗಿನಕಾಯಿ ವ್ಯಾಪಾರಿ. ತನ್ನ ತಾರಸಿಯ ಮೇಲೆ ಶೀಟು ಹಾಕಿಸಿ ಕಾಯಿ ರಾಶಿ ಮಾಡಿದ್ದ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ವರ್ಷಗಟ್ಟಲೆ ಕದಲಿಸದೆ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಕಳಚಿಕೊಂಡು ಉಂಡೆಯಾಗುತ್ತದೆ. ಅದೇ ಉಂಡೆಕೊಬ್ಬರಿ. ಕಡೂರು ಸೀಮೆಯಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಆದರೆ ಬಡಾವಣೆಯಲ್ಲಿ ಮನೆ ಕಟ್ಟಿದವರು ಬಹಳ ಮಂದಿ ತರೀಕೆರೆ, ಲಕ್ಕವಳ್ಳಿ ಕಡೆಯವರು. ನೀರಾವರಿ ಕಂಡವರು, ಅಡಿಕೆ ಭತ್ತ ಬಲ್ಲವರು. ತೆಂಗಿನಕಾಯಿ ಎಂದರೆ ಅವರಿಗೆ ಚಟ್ನಿ, ಹೆಚ್ಚೆಂದರೆ ದೇವಸ್ಥಾನ.

ಮೃತ್ಯುಂಜಯ ಎದ್ದು ನಿಂತು, ಇದು ಬಡಾವಣೆಯೋ ಕಣವೋ ಎಂದು ಕೇಳಿದ. ಇಲಿ ಬರುತ್ತವೆ, ಇಲಿಯ ಹಿಂದೆ ಹಾವು ಬರುತ್ತದೆ ಎಂದ. ಇನ್ನುಮುಂದೆ ಯಾರೂ ಮನೆಯಲ್ಲಿ ಕಾಯಿ ಶೇಖರಿಸಕೂಡದು ಎಂದು ಮೇಜು ಗುದ್ದಿದ. ಎಲ್ಲರೂ ಕೈಯೆತ್ತಿದರು. ಮುನಾವರ್ ಎದ್ದು ಮನೆಗೆ ನಡೆದ. ಅರ್ಧ ಒಣಗಿದ ಕಾಯಿಯನ್ನು ಲಾರಿಗೆ ತುಂಬಿಸಿ ಎಣ್ಣೆಗಾಣಕ್ಕೆ ಸಾಗಿಸಿದ. ಅವತ್ತು ಸಂಜೆ ಅವನ ಹೆಂಡತಿ ಮೆಹರುನ್ನೀಸಾ ಮಾತ್ರ ಕಾಂಪೌಂಡಿನ ಆಚೆಯಿಂದ ತೀರ್ಥಮ್ಮನಿಗೆ, ನಿಮ್ಮೆಜಮಾನ್ರ ಗಂಟಲು ಚೆನ್ನಾಗಿದೆ ಎಂದು ಹೇಳಿ ಒಳಗೆ ಹೋದಳು.

ದೇವರು ಇಂಥದ್ದನ್ನೆಲ್ಲ ಸುಮ್ಮನೆ ನೋಡುತ್ತಾನೆ, ಆಮೇಲೆ ಅಕ್ಕಂದಿರನ್ನು ಕಳಿಸುತ್ತಾನೆ.

ಮೃತ್ಯುಂಜಯನ ಅಕ್ಕ ಹಾಲಮ್ಮ ಊರಲ್ಲಿ ಒಬ್ಬಳೇ ತೋಟ ನೋಡಿಕೊಂಡಿದ್ದವಳು. ತಾಯಿ ಸತ್ತಮೇಲೆ ತಮ್ಮನನ್ನು ಉಣಿಸಿ, ಬಡಿದು, ದೊಡ್ಡವನನ್ನಾಗಿ ಮಾಡಿದ್ದಳು. ಸಂಕ್ರಾಂತಿಯ ಹಿಂದೆಮುಂದೆ ಅವಳ ಮನೆಯ ಅಟ್ಟದ ತೊಲೆಗೆ ಗೆದ್ದಲು ಹತ್ತಿ ಅಟ್ಟ ಜೋತುಬಿತ್ತು. ಮೇಲೆ ಇಡೀ ವರ್ಷದ ಕಾಯಿ. ಅವಳು ಯಾರನ್ನೂ ಕೇಳಲಿಲ್ಲ. ಕಾಯಿಯನ್ನು ಟ್ರಾಕ್ಟರಿಗೆ ಹೇರಿಸಿ, ಟ್ರಾಕ್ಟರ್ ಕಡೂರು ಮುಟ್ಟುವ ಹೊತ್ತಿಗೆ ಫೋನ್ ಮಾಡಿದಳು.

"ಲೇ, ಕಾಯಿ ಕಳ್ಸಿದೀನಿ ಕಣೋ. ನಿನ್ ಮಾಳಿಗೆ ಮೇಲಿನ ಶೀಟಿನ ರೂಮ್ಗೆ ಹಾಕ್ಸು. ಮುಂಗಾರು ಹಿಡಿಯೋ ಹೊತ್ಗೆ ಬತ್ತೀನಿ. ಒಂದ್ಸಲ ಕದಲಿಸಿದ್ದೇ ಹೆಚ್ಚಾಯ್ತು. ಇನ್ನೊಂದ್ಸಲ ಕದಲಿಸಿ ಕೆಟ್ವೋ, ನಿನ್ ಮನೆ ಬಾಗಿಲಿಗೇ ಬಂದು ಕೂರ್ತೀನಿ."

ಮೃತ್ಯುಂಜಯ ಕಾನೂನಿನ ಮಾತೆತ್ತುವ ಮೊದಲೇ ಅವಳು ಫೋನ್ ಇಟ್ಟಿದ್ದಳು. ಇಟ್ಟಿರದಿದ್ದರೂ ಅವನು ಎತ್ತುತ್ತಿರಲಿಲ್ಲ ಎಂಬುದು ತೀರ್ಥಮ್ಮನ ಅಭಿಪ್ರಾಯ. ಅದೃಷ್ಟಕ್ಕೆ ಅವತ್ತು ಸಂಘದ ಅಧ್ಯಕ್ಷರ ಮಗಳ ಮದುವೆ ಎಂದು ಇಡೀ ಬಡಾವಣೆ ತರೀಕೆರೆಗೆ ಹೋಗಿತ್ತು, ಮುನಾವರ್ ಅರಸೀಕೆರೆ ಮಾರುಕಟ್ಟೆಗೆ ಹೋಗಿದ್ದ. ಟ್ರಾಕ್ಟರಿನವನೂ ಮೃತ್ಯುಂಜಯನೂ ಬೆವರು ಸುರಿಸಿ ಕಾಯಿಯನ್ನೆಲ್ಲ ಮೇಲೆ ಹೊತ್ತು ಸುರಿದರು. ತಾರಸಿಯ ಮೇಲಿನ ಆ ರೂಮು ಸೂರಿನವರೆಗೆ ತುಂಬಿತು. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಬೇಸಿಗೆ ಬಂತು. ಶೀಟು ಕಾದು ಒಳಗೆ ಕುಲುಮೆಯಾಯಿತು. ಕಾಯಿಗೆ ಅದು ಅಮೃತ. ನೀರು ಇಂಗಿ ಒಳಗಿನ ಉಂಡೆ ಕಳಚಿಕೊಳ್ಳತೊಡಗಿತು. ಅದೇ ಹೊತ್ತಿಗೆ ಅಳಿಲುಗಳಿಗೆ ಬಾಣಂತನ ಬಂತು. ಮರವಿಲ್ಲದ ಬಡಾವಣೆಯ ಅಳಿಲಿಗೆ ಮನೆಗಳ ಸಂದಿಯೇ ಗತಿ. ಗೋಡೆಗೂ ಶೀಟಿಗೂ ನಡುವೆ ನುಗ್ಗಿ, ಗೂಡಿಗೆಂದು ಕಾಯಿಯ ನಾರು ಕೀಳುವುದಕ್ಕೆ ಶುರುಮಾಡಿದವು. ಒಂದು ನಾರು ಎಳೆದರೆ ರಾಶಿಯ ಮೇಲಿನ ಕಾಯಿ ಉರುಳುತ್ತಿತ್ತು, ಅದರ ಹಿಂದೆ ಇನ್ನೈದಾರು ಉರುಳುತ್ತಿದ್ದವು, ಒಂದೊಂದರ ಹೊಟ್ಟೆಯಲ್ಲೂ ಉಂಡೆ ಲೊಟಲೊಟ ಬಡಿದುಕೊಳ್ಳುತ್ತಿತ್ತು. ಅಳಿಲು ಹಗಲಿನ ಪ್ರಾಣಿ. ಹೀಗಾಗಿ ಸದ್ದೆಲ್ಲ ಮಧ್ಯಾಹ್ನವೇ.

ಆ ರೂಮಿನ ಕೆಳಗಿನ ಮಹಡಿಯಲ್ಲಿ ಬಾಡಿಗೆಗಿದ್ದವಳು ಅಶ್ವಿನಿ. ತರೀಕೆರೆಯ ಹುಡುಗಿ, ಗಂಡ ಬೀರೂರಿನಲ್ಲಿ ಕೆಲಸಕ್ಕೆ ಹೋಗುವವನು, ಕೈಯಲ್ಲಿ ಎಳೇ ಕೂಸು. ಮಗುವನ್ನು ಮಲಗಿಸಿದ ಹೊತ್ತಿಗೆ ಸರಿಯಾಗಿ ನೆತ್ತಿಯ ಮೇಲೆ ಯಾರೋ ಕಬ್ಬಿಣದ ಗುಂಡು ಉರುಳಿಸಿದಂತೆ ಗುಡುಗುಡು ಎನ್ನುತ್ತಿತ್ತು. ನಾಲ್ಕಾರು ದಿನ ತಡೆದಳು. ಆಮೇಲೆ ಕೆಳಗಿಳಿದು ಬಂದು ಕೇಳಿದಳು.

"ಅಂಕಲ್, ಮೇಲಿನ ರೂಮಲ್ಲಿ ಏನಿದೆ?"

"ಏನೂ ಇಲ್ಲಮ್ಮ. ಖಾಲಿ."

ಸೂರ್ಯೋದಯ ಬಡಾವಣೆಯ ದೆವ್ವ ಹುಟ್ಟಿದ್ದು ಈ ಮಾತಿನಿಂದ. ಕಾಯಿ ಉರುಳಿದರೆ ಅದು ಕಾಯಿ ಉರುಳಿದ ಸದ್ದು. ಖಾಲಿ ರೂಮಿನಲ್ಲಿ ಅದೇ ಸದ್ದಾದರೆ ಏನೆಂದು ಎಂಥ ದಡ್ಡನಿಗೂ ತಿಳಿಯುತ್ತದೆ. ಅಶ್ವಿನಿಯ ಮುಖ ಬಿಳಿಚಿಕೊಂಡದ್ದನ್ನು ಮೃತ್ಯುಂಜಯ ಗಮನಿಸಲಿಲ್ಲ. ಸುಳ್ಳು ಚೆನ್ನಾಗಿ ಹೇಳಿದೆನೆಂಬ ಖುಷಿಯಲ್ಲಿದ್ದ.

ಎರಡು ದಿನದಲ್ಲಿ ಅಧ್ಯಕ್ಷ ಧರ್ಮೇಶ್ ಬಂದರು. ಲಕ್ಕವಳ್ಳಿಯಲ್ಲಿ ಡ್ಯಾಮಿನ ಕೆಲಸದಲ್ಲಿದ್ದು ನಿವೃತ್ತರಾದ ಮನುಷ್ಯ. ಯಾವ ವಿಷಯವನ್ನೂ ಅವಸರದಲ್ಲಿ ಬಿಡುತ್ತಿರಲಿಲ್ಲ; ಡ್ಯಾಮಿನ ನೀರಿನ ಹಾಗೆ ಸ್ವಲ್ಪಸ್ವಲ್ಪವೇ ಬಿಡುತ್ತಿದ್ದರು. ಅಶ್ವಿನಿಯ ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಅಕ್ಕಪಕ್ಕದವರನ್ನು ಸುತ್ತ ಕೂರಿಸಿಕೊಂಡು ಸೂರು ನೋಡುತ್ತ ಕಾದರು. ಬಿಸಿಲು ಏರಿತು. ಸದ್ದು ಬಂತು. ಮೊದಲು ಒಂದು, ಆಮೇಲೆ ಗುಂಪಾಗಿ. ಮೂಲೆಯಿಂದ ಮೂಲೆಗೆ ಹೋಗಿ ಗೋಡೆಗೆ ಬಡಿದು ನಿಂತಿತು.  ಒಬ್ಬ ಹೆಂಗಸು ತನ್ನ ತಾಳಿಯನ್ನು ಕಣ್ಣಿಗೊತ್ತಿಕೊಂಡಳು.

ಧರ್ಮೇಶ್ ಬಹಳ ಹೊತ್ತು ಯೋಚಿಸಿ, ಇದು ಎತ್ತಿನ ಗಾಡಿಯ ಸದ್ದು ಎಂದು ತೀರ್ಮಾನ ಕೊಟ್ಟರು. ಗಾಡಿ ಎಂದಮೇಲೆ ಗಾಡಿ ಹೊಡೆಯುವವನೊಬ್ಬ ಬೇಕು. ಬಡಾವಣೆ ಆಗುವ ಮೊದಲು ಈ ಜಾಗ ಯಾರದ್ದಾಗಿತ್ತು ಎಂದು ಮೃತ್ಯುಂಜಯನನ್ನು ಕೇಳಿದರು. ಹನುಮಂತಯ್ಯ ಎಂಬ ರೈತನ ಹೊಲ ಎಂದ. ಅದು ನಿಜ. ಅವರು ಈಗ ಎಲ್ಲಿ ಎಂದರು. ಹನುಮಂತಯ್ಯ ಬುಕ್ಕಾಂಬುಧಿಯಲ್ಲಿ ಮಗಳ ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದ. ಹಾಗೆಂದು ಹೇಳಿದರೆ, ಅವರನ್ನೇ ಕರೆಸಿ ಕೇಳೋಣ ಎನ್ನುತ್ತಾರೆ. ಅವನು ತೆಂಗು ಬೆಳೆದವನು, ಬಂದ ಗಳಿಗೆಯಲ್ಲಿ ಸದ್ದಿನ ಗುಟ್ಟು ಹೇಳಿಬಿಡುತ್ತಾನೆ. ಮೃತ್ಯುಂಜಯನಿಗೆ ತಲೆ ಬಿಸಿಯಾಯಿತು. ಅವನು ಸತ್ತು ಬಹಳ ದಿನ ಆಯ್ತು ಎಂದುಬಿಟ್ಟ.

ನಡುಮನೆಯಲ್ಲಿ ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾರಿದ ಹೊಲದ ಮೇಲೆ ಜೀವ ಇಟ್ಟುಕೊಂಡು ಸತ್ತವನು ಮತ್ತೆಲ್ಲಿಗೆ ಹೋಗುತ್ತಾನೆ? ಸಂಜೆಯೊಳಗೆ ಹನುಮಂತಯ್ಯನ ಬಾಳಿನ ಕಥೆ ಪೂರ್ತಿ ಸಿದ್ಧವಾಯಿತು. ಹೊಲ ಮಾರಬೇಡಿರೆಂದು ಎತ್ತುಗಳು ಅತ್ತವೆಂದು ಒಬ್ಬರು ಹೇಳಿದರು. ಎತ್ತುಗಳ ಬಣ್ಣವನ್ನು ಇನ್ನೊಬ್ಬರು ಹೇಳಿದರು. ಬಡಾವಣೆಗೆ ಬಂದು ಎರಡು ವರ್ಷವಾಗದ ಮನೆಯವರು, ನಾವು ಸೈಟು ನೋಡಲು ಬಂದ ದಿನವೇ ಬೇವಿನ ಕಡ್ಡಿ ಕಚ್ಚಿಕೊಂಡು ಒಬ್ಬ ಮುದುಕ ನಿಂತಿದ್ದ ಎಂದು ನೆನಪು ಮಾಡಿಕೊಂಡರು.

ಮರುದಿನದಿಂದ ಮೃತ್ಯುಂಜಯನಿಗೆ ನೆಮ್ಮದಿ ಇಲ್ಲ. ಅಂಗಡಿಗೆ ಹೊರಟರೆ ಗೇಟಿನಲ್ಲಿ ಮಠದ ವಿಭೂತಿ ಹಿಡಿದು ಒಬ್ಬರು ನಿಂತಿರುತ್ತಿದ್ದರು. ವಾಪಸು ಬಂದರೆ ಬಾಗಿಲಿಗೆ ನಿಂಬೆಹಣ್ಣು ಕಟ್ಟಿರುತ್ತಿತ್ತು. ಹಾಲಿನವನು ಪ್ಯಾಕೆಟ್ಟನ್ನು ರಸ್ತೆಯಿಂದಲೇ ಎಸೆಯತೊಡಗಿದ, ಎರಡು ಒಡೆದವು. ಅವನು ಕೂಗಾಡಿದಷ್ಟೂ ಜನ, ಮನೆಯಲ್ಲಿ ಶಾಂತಿ ಇಲ್ಲದಿದ್ದರೆ ಹೀಗೇ ಆಗುವುದು ಎಂದು ಕನಿಕರಪಡುತ್ತಿದ್ದರು. ಕನಿಕರಕ್ಕಿಂತ ಸಿಟ್ಟು ಬರಿಸುವ ವಸ್ತು ಬೇರೆ ಇಲ್ಲ.

ಇದೆಲ್ಲದರ ನಡುವೆ ಮುನಾವರ್ ಒಂದು ಭಾನುವಾರ ಕಾಂಪೌಂಡಿಗೆ ಮೊಣಕೈ ಊರಿ ನಿಂತ. ಮೇಲಿನಿಂದ ಸದ್ದು ಬರುತ್ತಿತ್ತು. ಸಂಗೀತ ಕೇಳುವವನ ಹಾಗೆ ಕಣ್ಣು ಮುಚ್ಚಿ ಕೇಳಿದ.

"ಅಣ್ಣಾ, ನಿಮ್ ದೆವ್ವ ಈ ವರ್ಷದ್ದಾ, ಹೋದ ವರ್ಷದ್ದಾ?"

ಮೃತ್ಯುಂಜಯನ ಕೈ ಉಡಿದಾರದ ಬೀಗದ ಕೈಗೆ ಹೋಯಿತು.

"ಅಲ್ಲ, ಒಳ್ಳೆ ಪಕ್ವ ಆದಂಗೈತೆ. ಇನ್ನೊಂದೆರಡು ತಿಂಗ್ಳು ಬಿಟ್ರೆ ತಿಪ್ಟೂರು ಸಂತೇಲಿ ಮೊದಲ್ನೇ ನಂಬರ್ ಹೋಯ್ತದೆ ಇಂಥ ದೆವ್ವ. ನಂದೂ ಒಂದಿತ್ತು. ಪಾಪ, ಅದನ್ನ ಎಳೇದ್ರಲ್ಲೇ ಗಾಣಕ್ಕೆ ಹಾಕ್ಬಿಟ್ಟೆ."

ಮೃತ್ಯುಂಜಯ ಸುತ್ತ ನೋಡಿ, ದನಿ ತಗ್ಗಿಸಿ, ಯಾರಿಗೂ ಹೇಳಬೇಡ ಮಾರಾಯ, ಅದು ಅಕ್ಕನದು ಎಂದು ಬೇಡಿಕೊಂಡ. ಮುನಾವರ್ ಹಾಲಮ್ಮನನ್ನು ಬಲ್ಲ. ಒಮ್ಮೆ ಅವಳ ತೋಟದ ಕಾಯಿ ಖರೀದಿಗೆ ಹೋಗಿ ಚೌಕಾಸಿ ಮಾಡಿ ಬೈಸಿಕೊಂಡು ಬಂದಿದ್ದ. ಅಕ್ಕನ ಹೆಸರು ಕೇಳಿದ್ದೇ ನಗು ನುಂಗಿಕೊಂಡ. ನಾನ್ಯಾಕೆ ಹೇಳಲಿ ಎಂದ. ಹೇಳುವುದಿಲ್ಲ ಎಂದು ಮಾತು ಕೊಟ್ಟವನ ಮುಖದಲ್ಲಿ ಅಷ್ಟೊಂದು ಸಂತೋಷ ಇರಬಾರದಿತ್ತು ಎಂದು ಮೃತ್ಯುಂಜಯನಿಗೆ ಅನ್ನಿಸಿತು.

ಸಾವಿನ ಸುದ್ದಿಗೆ ಟಿಕೆಟ್ ಬೇಡ. ಅದು ಬೀರೂರು ದಾಟಿ, ಅಜ್ಜಂಪುರ ಮುಟ್ಟಿ, ಬುಕ್ಕಾಂಬುಧಿಯಲ್ಲಿ ಇಳಿದು ಹನುಮಂತಯ್ಯನ ಮಗಳ ಮನೆ ಬಾಗಿಲು ತಟ್ಟಿತು. ನೆಂಟರು ಹಾರ ಹಿಡಿದು ಬಂದರು. ಬಾಗಿಲು ತೆರೆದವನು ಹನುಮಂತಯ್ಯನೇ. ಸುದ್ದಿ ಎಲ್ಲಿಂದ ಬಂತೆಂದು ವಿಚಾರಿಸಿಕೊಂಡು, ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು, ಬಿಸಿಲಿಗೆಂದು ಬಿಳಿ ವಲ್ಲಿಯನ್ನು ತಲೆಗೆ ಹೊದ್ದುಕೊಂಡು ಬಸ್ಸು ಹತ್ತಿದ.

ಬಡಾವಣೆ ಮುಟ್ಟುವಾಗ ಸೂರ್ಯ ನೆತ್ತಿಯ ಮೇಲಿದ್ದ. ನೆರಳೂ ಕಾಲಡಿಯಲ್ಲೇ ಮಡಚಿಕೊಂಡಿತ್ತು. ಹನುಮಂತಯ್ಯ ಬೆಲ್ ಒತ್ತಿ ಅಭ್ಯಾಸವಿಲ್ಲದವನು, ಹೊರಗಿನ ಮೆಟ್ಟಿಲು ಹತ್ತಿ ಮೊದಲು ಕಂಡ ಬಾಗಿಲಿನಲ್ಲಿ ನಿಂತು ನೀರು ಕೇಳಿದ. ಅಶ್ವಿನಿ ತಂಬಿಗೆಯಲ್ಲಿ ನೀರು ಕೊಟ್ಟಳು. ಗಟಗಟ ಕುಡಿದ. ಯಾರು ಬೇಕಿತ್ತಜ್ಜ ಎಂದಳು.

"ನಾನು ಹನುಮಂತಯ್ಯ ಕಣವ್ವಾ. ಈ ಹೊಲ ನಂದು."

ತಂಬಿಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಬೀದಿ ಸೇರಿತು. ಅಶ್ವಿನಿ ಕೂಸನ್ನು ಅವುಚಿಕೊಂಡು ಒಳಗೆ ಓಡಿ ಚಿಲಕ ಹಾಕಿಕೊಂಡಳು. ಎದುರು ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮುದುಕ ಕಕ್ಕಾಬಿಕ್ಕಿಯಾಗಿ ನಿಂತಾಗ ಮೃತ್ಯುಂಜಯ ಕೆಳಗಿನಿಂದ ಓಡಿಬಂದು ಅವನ ರಟ್ಟೆ ಹಿಡಿದು ಕೆಳಗೆ ತನ್ನ ಮನೆಯೊಳಕ್ಕೆ ಎಳೆದುಕೊಂಡು ಹೋದ.

ಹನುಮಂತಯ್ಯ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ತೀರ್ಥಮ್ಮ ಮುದ್ದೆಯ ಮೇಲೆ ತುಪ್ಪ ಹಾಕಿ ಮುಂದಿಟ್ಟಮೇಲೆ ಸ್ವಲ್ಪ ತಣ್ಣಗಾದ. ಉಣ್ಣುತ್ತಿದ್ದವನು ಕೈ ನಿಲ್ಲಿಸಿ ಸೂರಿನ ಕಡೆ ಕಿವಿಗೊಟ್ಟ.

"ಏನಪ್ಪಾ, ಗಟ್ಟಿ ಕಾಯಿ ಹಾಕಿದೀಯಲ್ಲ. ಯಾರ ತೋಟದ್ದು?"

ಮೃತ್ಯುಂಜಯ ಅವನ ಕಾಲು ಹಿಡಿದುಕೊಂಡ. ಎಲ್ಲವನ್ನೂ ಹೇಳಿದ. ಹಾಲಮ್ಮನ ವರ್ಷದ ದುಡಿಮೆ ಮೇಲಿದೆ, ಗೊತ್ತಾದರೆ ನಾನೇ ತಂದ ಕಾನೂನಿನ ಪ್ರಕಾರ ನಾಳೆಯೇ ಖಾಲಿ ಮಾಡಬೇಕು, ಅರೆ ಒಣಗಿದ್ದು ಕೊಳೆತುಹೋಗುತ್ತದೆ ಎಂದ. ಕೊನೆಗೆ, ಮಳೆ ಹಿಡಿಯುವವರೆಗೆ ದಯವಿಟ್ಟು ಸತ್ತೇ ಇರಿ ಎಂದ.

ಇಂಥ ಮಾತು ಕೇಳಿದರೆ ಯಾವ ಮನುಷ್ಯನಾದರೂ ತಟ್ಟೆ ಎತ್ತಿ ಎಸೆಯಬೇಕು. ಹನುಮಂತಯ್ಯ ಮುದ್ದೆ ಮುರಿಯುತ್ತ ಯೋಚಿಸಿದ. ಕಿಟಕಿಯಾಚೆ ಒಂದರ ಪಕ್ಕ ಒಂದು ನಿಂತ ಮನೆಗಳನ್ನು ನೋಡಿದ.

"ಮಾರಿದ್ಮೇಲೆ ಇಷ್ಟು ಜನ ನನ್ ಹೆಸ್ರು ಎತ್ತಿದ್ದು ಇದೇ ಮೊದ್ಲು ಕಣೋ. ನನ್ ಹೊಲ್ದಲ್ಲಿ ನಾನ್ ದೆವ್ವ ಆಗೋಕೆ ನಿನ್ ಅಪ್ಪಣೆ ಬೇಕೇನ್ಲಾ? ಇರ್ತೀನಿ ಬಿಡು. ಇನ್ನೊಂದ್ ಸೌಟು ಸಾರು ಬಿಡವ್ವಾ."

ಉಂಡು, ಎಲೆಯಡಿಕೆ ಹಾಕಿಕೊಂಡು, ನಡುಬಿಸಿಲಿನಲ್ಲಿ ಬೀದಿಯ ನಟ್ಟನಡುವೆ ನಿಧಾನವಾಗಿ ನಡೆದು ಹೋದ. ಒಂದೊಂದು ಗೇಟಿನ ಮುಂದೆಯೂ ನಿಂತು, ಇಲ್ಲಿ ರಾಗಿ ಇತ್ತು, ಇಲ್ಲಿ ಹುರುಳಿ ಇತ್ತು ಎಂದು ಗಟ್ಟಿಯಾಗಿ ಹೇಳಿ ಮುಂದೆ ಹೋದ. ಕಿಟಕಿಗಳ ಹಿಂದೆ ಇಡೀ ಬಡಾವಣೆ ಬೆವರಿತು. ಅವನು ತಲೆ ಬಾಗಿಸಿಕೊಂಡು ಹೋದದ್ದನ್ನು ನೋಡಿದವರು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ ಎಂದರು.

ಸಂಜೆ ಪಾರ್ಕಿನಲ್ಲಿ ತುರ್ತು ಸಭೆ. ಅಶ್ವಿನಿಯ ಗಂಡ ಮನೆ ಖಾಲಿ ಮಾಡುತ್ತೇವೆ ಎಂದ. ದೆವ್ವಕ್ಕೆ ನೀರು ಕುಡಿಯುವಷ್ಟು ಶಕ್ತಿ ಬಂದಿದೆ, ನಾಳೆ ಊಟ ಕೇಳುತ್ತದೆ ಎಂದು ಒಬ್ಬರು ಎಚ್ಚರಿಸಿದರು. ಊಟವಾಗಿದೆ ಎಂಬುದು ಗೊತ್ತಿದ್ದ ಮೃತ್ಯುಂಜಯ ನೆಲ ನೋಡಿದ. ಧರ್ಮೇಶ್ ಎದ್ದು, ಬೀಗ ತೆಗೆದು ಆ ರೂಮನ್ನು ನೋಡಿಯೇ ತೀರಬೇಕು, ನಾಳೆ ಬೆಳಗ್ಗೆ ಎಲ್ಲರೂ ಹೋಗೋಣ ಎಂದು ಡ್ಯಾಮಿನ ಗೇಟು ಎತ್ತಿದ ಹಾಗೆ ಒಮ್ಮೆಲೇ ಹೇಳಿದರು. ಎಲ್ಲರೂ ಕೈಯೆತ್ತಿದರು. ಮೃತ್ಯುಂಜಯನ ಕಣ್ಣ ಮುಂದೆ ಕೊಳೆತ ಕಾಯಿಯ ರಾಶಿಯೂ, ಅದರ ಮೇಲೆ ಕುಕ್ಕರುಗಾಲಲ್ಲಿ ಕೂತ ಅಕ್ಕನೂ ಬಂದರು.

ಆಗ ಮುನಾವರ್ ಎದ್ದ. ಟೋಪಿ ಸರಿಮಾಡಿಕೊಂಡು ಬಹಳ ವಿನಯದಿಂದ ಮಾತಾಡಿದ. ರೂಮು ಸುಮ್ಮನೆ ತೆಗೆದರೆ ದೆವ್ವ ಒಂದು ಮನೆಯಿಂದ ಎಲ್ಲ ಮನೆಗೂ ಹಂಚಿಹೋಗುತ್ತದೆ ಎಂದ. ತಮ್ಮ ಅಜ್ಜನ ಕಾಲದಲ್ಲಿ ಇಂಥದ್ದಕ್ಕೆ ಒಂದೇ ಮದ್ದಿತ್ತು. ಖಾಲಿ ಜಾಗ ಇದ್ದರೆ ತಾನೆ ದೆವ್ವ ಕೂರುವುದು? ಆ ರೂಮನ್ನು ತೆಂಗಿನಕಾಯಿಯಿಂದ ತುಂಬಿಸಿಬಿಡಬೇಕು. ಕಾಯಿಗೆ ಮೂರು ಕಣ್ಣು. ಅಷ್ಟೊಂದು ಕಣ್ಣು ನೋಡುತ್ತಿದ್ದರೆ ಯಾವ ಹನುಮಂತಯ್ಯನೂ ನಿಲ್ಲುವುದಿಲ್ಲ. ಅಕ್ಕಪಕ್ಕದ ತಾರಸಿಗಳ ಮೇಲೂ ಒಂದಷ್ಟು ಹಾಕಿದರೆ ಆ ಕಡೆ ಹಾರುವುದಿಲ್ಲ. ಕಾಯಿಯನ್ನು ನಾನೇ ಕೊಡುತ್ತೇನೆ, ಬಾಡಿಗೆ ಕೇಳುವುದಿಲ್ಲ, ಒಣಗಿದಮೇಲೆ ತೆಗೆದುಕೊಂಡು ಹೋಗುತ್ತೇನೆ ಎಂದ.

"ಆದ್ರೆ ಸಂಘದ್ದೊಂದು ಕಾನೂನೈತಲ್ಲ," ಎಂದು ಮುನಾವರ್ ದುಃಖದಿಂದ ತಲೆಯಾಡಿಸಿದ. "ಕಾರ್ಯದರ್ಶಿಗಳು ಬಾಳ ಕಷ್ಟಪಟ್ಟು ತಂದಿದ್ದು. ಅವರೇ ಹೇಳ್ಬೇಕು."

ಎಲ್ಲರೂ ಮೃತ್ಯುಂಜಯನನ್ನು ನೋಡಿದರು. ಮೇಜು ಗುದ್ದಿದ ಅದೇ ಕೈಯಿಂದ ಬೆವರು ಒರೆಸಿಕೊಂಡು ಅವನು ಎದ್ದ. ಬಡಾವಣೆಯ ಹಿತದೃಷ್ಟಿಯಿಂದ ಕಾನೂನನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದ. ಜೋರಾಗಿ ಹೇಳಿ ಅಣ್ಣಾ, ಹಿಂದೆ ಕೂತಿರೋರಿಗೆ ಕೇಳ್ಸಲಿಲ್ಲ ಎಂದು ಮುನಾವರ್ ಹೇಳಿದ. ಅವನು ಮತ್ತೆ ಹೇಳಿದ. ಚಪ್ಪಾಳೆ ಬಿತ್ತು.

ಮರುದಿನ ಲಾರಿ ಬಂತು. ಒಳಗೆ ನಾನು, ಕಾರ್ಯದರ್ಶಿ ಇಬ್ಬರೇ ಹೋಗುತ್ತೇವೆ, ನಕ್ಷತ್ರ ಬಲ ಇಲ್ಲದವರು ದೂರ ಇರಿ ಎಂದು ಮುನಾವರ್ ಹೇಳಿದ್ದರಿಂದ ಜನವೆಲ್ಲ ಬೀದಿಯಲ್ಲೇ ನಿಂತರು. ಸೂರಿನವರೆಗೆ ತುಂಬಿದ ರೂಮಿಗೆ ಇನ್ನೊಂದು ಲೋಡು ಕಾಯಿ ಹಾಕುವುದು ಹೇಗೆ ಎಂಬುದನ್ನು ಯಾವ ಶಾಲೆಯಲ್ಲೂ ಹೇಳಿಕೊಟ್ಟಿಲ್ಲ. ಒಬ್ಬ ಕಾಲಿನಿಂದ ಒತ್ತಿ ಹಿಡಿದರೆ ಇನ್ನೊಬ್ಬ ಸಂದಿಗೆ ತುರುಕುತ್ತಿದ್ದ. ಮೇಲಿನಿಂದ ರಾಶಿ ಕುಸಿದು ಮೃತ್ಯುಂಜಯ ಸೊಂಟದವರೆಗೆ ಹೂತುಹೋದ. ಹೋರಾಟ ಜೋರಾಗಿದೆ ಎಂದು ಕೆಳಗೆ ಧರ್ಮೇಶ್ ಜನರಿಗೆ ವಿವರಿಸಿದರು. ಅಂತೂ ಬಾಗಿಲು ಮುಚ್ಚಿದಾಗ ಅಕ್ಕನ ಕಾಯಿ ಯಾವುದು, ಮುನಾವರನದು ಯಾವುದು ಎಂಬುದು ದೇವರಿಗೂ ಗೊತ್ತಿರಲಿಲ್ಲ. ಮಿಕ್ಕದ್ದು ಎಲ್ಲರ ತಾರಸಿಗೂ ಹಂಚಿಹೋಯಿತು.

ಅಂದಿನಿಂದ ಮಧ್ಯಾಹ್ನವಾದರೆ ಇಡೀ ಸೂರ್ಯೋದಯ ಬಡಾವಣೆ ಗುಡುಗುತ್ತಿತ್ತು. ಅಳಿಲುಗಳು ಮನೆಯಿಂದ ಮನೆಗೆ ಹೋಗುತ್ತಿದ್ದವು. ಯಾರಿಗೂ ಭಯವಿಲ್ಲ. ನಮ್ಮ ತಾರಸಿಯಲ್ಲಿರುವುದು ಕಾಯಿ ಕಣ್ರೀ, ಕಾಯಿ ಉರುಳಿದರೆ ಸದ್ದು ಬರದೆ ಇರುತ್ತದೆಯೇ ಎನ್ನುತ್ತಿದ್ದರು. ಅಶ್ವಿನಿ ಮನೆ ಖಾಲಿ ಮಾಡಲಿಲ್ಲ; ಕೂಸು ಸದ್ದಿಗೆ ಹೊಂದಿಕೊಂಡು, ಸದ್ದು ನಿಂತರೆ ಎದ್ದು ಅಳತೊಡಗಿತು. ಹಾಗಾದರೆ ಮೊದಲು ನಮ್ಮ ಮನೆಯಲ್ಲಿ ಬಂದ ಸದ್ದು ಎಂಥದ್ದು ಎಂದು ಯೋಚಿಸಿ ನೋಡಿ ಎಂದು ತೀರ್ಥಮ್ಮ ಒಮ್ಮೆ ನೆರೆಮನೆಯವರಿಗೆ ಸುಳಿವು ಕೊಟ್ಟಳು. ಅವರು ಅವಳ ಕೈಹಿಡಿದು, ಅದು ಬೇರೆ, ಅದು ಗಾಡಿ ಸದ್ದು, ಈಗ ಅದರ ನೆನಪು ಬೇಡ ಎಂದರು.

ಮುಂಗಾರಿನ ಮೊದಲ ಮೋಡ ಕಂಡಾಗ ಹಾಲಮ್ಮ ಬಂದಳು. ಬೆಳಗಿನ ಮೊದಲ ಬಸ್ಸಿಗೆ ಇಳಿದು, ಬೀದಿ ಏಳುವ ಮೊದಲೇ ತಾರಸಿ ಹತ್ತಿ ಬಾಗಿಲು ತೆಗೆಸಿದಳು. ಕಾಯಿ ಧಾರೆಯಾಗಿ ಅವಳ ಕಾಲ ಮೇಲೆ ಸುರಿಯಿತು. ಒಂದನ್ನೆತ್ತಿ ತೂಗಿ ನೋಡಿ, ಇದು ನನ್ನದಲ್ಲ ಎಂದಳು. ಇನ್ನೊಂದನ್ನೆತ್ತಿ, ಇದು ನಂದು ಎಂದಳು. ಆಮೇಲೆ ತಮ್ಮನ ಮುಖ ನೋಡಿದಳು. ಅವನು ತಡವರಿಸುತ್ತ ಹೇಳಿದ ಕಥೆಯನ್ನು ಪೂರ್ತಿ ಕೇಳಿದಳು. ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ.

ಉಪಾಯ ಒಂದೇ. ಹಾಲಮ್ಮನದು ಹಳೇ ಕಾಯಿ, ಅಲ್ಲಾಡಿಸಿದರೆ ಒಳಗೆ ಉಂಡೆ ಬಡಿಯುತ್ತದೆ. ಮುನಾವರನದು ಹೊಸದು, ನೀರು ಕುಲುಕುತ್ತದೆ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಬೇರೆ ಮಾಡಬೇಕು. ಹಾಲಮ್ಮ ರೂಮಿನೊಳಗೆ ನೆರಳಿನಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತಳು. ತಮ್ಮನನ್ನು ಹೊರಗೆ ಬಿಸಿಲಿಗೆ ಕೂರಿಸಿದಳು.

ಅವನು ಶುರುಮಾಡಿದ. ಒಂದು ಎತ್ತುವುದು, ಕಿವಿಗಿಡುವುದು, ಅಲ್ಲಾಡಿಸುವುದು, ಕಣ್ಣು ಮುಚ್ಚಿ ಕೇಳುವುದು. "ಅಕ್ಕಂದು." ಎಡಕ್ಕೆ ಇಡುವುದು. ಇನ್ನೊಂದು. "ಮುನಾವರಂದು." ಬಲಕ್ಕೆ. ಬಿಸಿಲು ಏರಿತು. ತಲೆಯ ಮೇಲೆ ಒದ್ದೆ ವಸ್ತ್ರ, ಮೈಮೇಲೆ ಬನಿಯನ್, ಗಡ್ಡದ ತುಂಬ ನಾರು. ಮೊದಲು ನೋಡಿದವಳು ಬಟ್ಟೆ ಒಣಗಿಸಲು ಬಂದ ಎದುರು ಮನೆಯವಳು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಜನ ಸೇರಿದರು. ಕಾರ್ಯದರ್ಶಿ ತೆಂಗಿನಕಾಯಿಗಳ ಮಾತು ಕೇಳಿ ಅವಕ್ಕೆ ಹೆಸರಿಡುತ್ತಿರುವುದನ್ನು ಎಲ್ಲರೂ ಕಂಡರು. ಧರ್ಮೇಶ್ ಮುಂದೆ ಬಂದು, ತಲೆಯೆತ್ತಿ, ಮಗುವಿನೊಡನೆ ಮಾತಾಡುವ ದನಿಯಲ್ಲಿ, ನಿಧಾ‌ನವಾಗಿ ಕೆಳಗೆ ಬನ್ನಿ, ನಾವೆಲ್ಲ ಇದ್ದೇವೆ ಎಂದರು.

ಮೃತ್ಯುಂಜಯನ ಒಳಗೆ ಏನೋ ಸುಟ್ಟಿತು. ಎದ್ದು ಗೋಡೆಗೆ ಬಂದು ನಿಂತ. ಕೈಯಲ್ಲಿದ್ದ ಕಾಯಿಯನ್ನು ಎತ್ತಿ ತೋರಿಸಿದ.

"ದೆವ್ವಾನೂ ಇಲ್ಲ ಗಾಡೀನೂ ಇಲ್ಲ ಕಣ್ರೀ. ಮೊದ್ಲಿಂದ್ಲೂ ಇದೇ ಉರುಳ್ತಿದ್ದಿದ್ದು. ಕಾಯಿ. ನಮ್ಮಕ್ಕನ ಕಾಯಿ. ನಾನೇ ಕದ್ದು ತುಂಬ್ಸಿದ್ದೆ, ನಾನೇ ಸುಳ್ಳು ಹೇಳ್ದೆ. ಹನುಮಂತಯ್ಯ ಸತ್ತಿಲ್ಲ. ಬುಕ್ಕಾಂಬುಧೀಲಿ ಬದ್ಕವ್ನೆ. ನಮ್ಮನೇಲೇ ಮುದ್ದೆ ಉಂಡು ಹೋಗವ್ನೆ."

 ಎದೆಯ ಮೇಲಿನ ಭಾರ ಇಳಿದು ಮೃತ್ಯುಂಜಯ ಉಸಿರು ಬಿಟ್ಟ. ಧರ್ಮೇಶ್ ಕನ್ನಡಕ ತೆಗೆದು ಒರೆಸಿಕೊಂಡು, ಹಿಂದಕ್ಕೆ ತಿರುಗಿ ಜನರಿಗೆ ಮೆಲ್ಲಗೆ ಹೇಳಿದರು.

"ಪಾಪ, ಹನುಮಂತಯ್ಯ ಪೂರ್ತಿ ಮೈಮೇಲೆ ಬಂದಿದಾನೆ. ನಾನು ಬದುಕಿದೀನಿ ಅಂತ ಇವರ ಬಾಯಲ್ಲೇ ಹೇಳಿಸ್ತಿದಾನೆ ನೋಡಿ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮುನಾವರ್ ತನ್ನ ತಾರಸಿಯ ಮೇಲೆ ನಿಂತು, ಹೌದೆಂದು ತಲೆಯಾಡಿಸಬೇಕೋ ಬೇಡವೋ ಎಂದು ಯೋಚಿಸಿ, ಆಡಿಸಿದ. ಮೃತ್ಯುಂಜಯ ಮಾತಿಗೆ ಬಾಯಿ ತೆರೆದ. ಅಷ್ಟರಲ್ಲಿ ಅವನ ಬೆನ್ನ ಹಿಂದಿನ ಕತ್ತಲ ರೂಮಿನಿಂದ, ಗೋಡೆ ನಡುಗುವ ಹಾಗೆ, ಹೆಂಗಸೊಬ್ಬಳ ದಪ್ಪ ದನಿ ಬಂತು.

"ಲೇ, ಮಾತು ಸಾಕು. ಅಲ್ಲಾಡ್ಸು."

ಬೀದಿ ಖಾಲಿಯಾಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಯಾರದೋ ಒಂಟಿ ಚಪ್ಪಲಿ ಬಿಸಿಲಲ್ಲಿ ಬಿದ್ದಿತ್ತು. ಮೃತ್ಯುಂಜಯ ಅದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ವಾಪಸು ಹೋಗಿ ಕೂತು, ಕೈಯಲ್ಲಿದ್ದ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ನೀರು ಕುಲುಕಿತು.

"ಮುನಾವರಂದು," ಎಂದು ಬಲಕ್ಕೆ ಇಟ್ಟ.